‘ಆಯ್ತು ಸಾರ್!’

ಥ್ಯಾಂಕ್ಯೂ ಮೇಷ್ಟ್ರು ಆ ಬೆಳಿಗ್ಗೆ ಬಾಯಿತಪ್ಪಿ, "ಸೂರ್ಯ ಭೂಮಿಯ ಸುತ್ತ ತಿರುಗುತ್ತಾನೆ. ಅರ್ಥ ಆಯ್ತಾ?" ಎಂದುಬಿಟ್ಟರು.

"ಆಯ್ತು ಸಾರ್!" ಇಡೀ ತರಗತಿ ಒಂದೇ ರಾಗದಲ್ಲಿ ಕೂಗಿತು.

ಅವರು ದೂರದೇಶದಿಂದ ಪುಕ್ಕಟೆ ಪಾಠ ಹೇಳಲು ಬಂದವರು. ಸೀಮೆಸುಣ್ಣ ಕೊಟ್ಟವರಿಗೂ ದಾರಿ ಬಿಟ್ಟವರಿಗೂ ಥ್ಯಾಂಕ್ಯೂ ಹೇಳಿ ಹೇಳಿಯೇ ಆ ಹೆಸರು ಸಂಪಾದಿಸಿದ್ದರು. ನಾಳೆಯಿಂದ ರಜೆ. ವರ್ಷದಿಂದ ಕಾಣದ ಅಮ್ಮನನ್ನು ನೋಡಲು ಊರಿಗೆ ಹೊರಟಿದ್ದರು, ಪೆಟ್ಟಿಗೆಯೂ ಕಟ್ಟಿಯಾಗಿತ್ತು. ಆದರೆ ಇಂಥ ತರಗತಿಯನ್ನು ಹೀಗೇ ಬಿಟ್ಟುಹೋಗಲು ಮನಸ್ಸು ಒಪ್ಪಲಿಲ್ಲ.

ಸ್ಟಾಫ್ ರೂಮಿನಲ್ಲಿ ಸಲಹೆಗೇನು ಬರವೇ?

"ಆಯ್ತು ಅಂದ್ರೆ ಆಯ್ತು ಸಾರ್, ಕೆದಕೋಕೆ ಹೋಗ್ಬೇಡಿ. ಇಷ್ಟು ವರ್ಷದಲ್ಲಿ ನಾನು ಒಂದಿನಾನೂ ಕೆದಕಿಲ್ಲ," ಎಂದರು ಲೆಕ್ಕದ ಮೇಷ್ಟ್ರು.

"ಪಾಪ, ನಿಮಗೆ ಬೇಜಾರಾಗ್ಬಾರ್ದು ಅಂತ ಹಾಗಂತಾವೆ," ಎಂದರು ಡ್ರಾಯಿಂಗ್ ಮೇಡಂ.

ಥ್ಯಾಂಕ್ಯೂ ಮೇಷ್ಟ್ರು ಕೇಳಬೇಕಲ್ಲ! ಮಧ್ಯಾಹ್ನ ಮಕ್ಕಳನ್ನು ಕೂರಿಸಿಕೊಂಡು, "ಅರ್ಥ ಆಗದಿದ್ದರೆ ಹೆದರಬೇಡಿ, 'ಆಗ್ಲಿಲ್ಲ ಸಾರ್' ಎಂದು ಗಟ್ಟಿಯಾಗಿ ಹೇಳಿ. ಅರ್ಥ ಆಯ್ತಾ?" ಎಂದರು.

"ಆಯ್ತು ಸಾರ್!"

ಹಣೆ ಚಚ್ಚಿಕೊಂಡು ಮತ್ತೆ ಮೊದಲಿನಿಂದ ಶುರುಮಾಡಿದರು. ಬೆಲ್ ಹೊಡೆಯುವ ಹೊತ್ತಿಗೆ ಕೊನೆಯ ಬೆಂಚಿನ ಹುಡುಗಿಯೊಬ್ಬಳು ಮೆಲ್ಲಗೆ, "ಆಗ್ಲಿಲ್ಲ ಸಾರ್" ಎಂದಳು. ಮೇಷ್ಟ್ರು ಖುಷಿಯಿಂದ ಚಪ್ಪಾಳೆ ತಟ್ಟಿದರು. ಚಪ್ಪಾಳೆ ಸಿಗುತ್ತದೆಂದರೆ ಮಿಕ್ಕ ಮಕ್ಕಳು ಸುಮ್ಮನಿರುತ್ತಾರೆಯೇ?

ಮುಂದಿನ ಪಿರಿಯಡ್ ಲೆಕ್ಕದ್ದು. ಎಷ್ಟು ಹೇಳಿದರೂ "ಆಗ್ಲಿಲ್ಲ ಸಾರ್!" ಒಂದೇ ಲೆಕ್ಕವನ್ನು ಬರೆದು ಅಳಿಸಿ, ಅಳಿಸಿ ಬರೆದು, ಲೆಕ್ಕದ ಮೇಷ್ಟ್ರು ಹಿಟ್ಟಿನ ಗಿರಣಿಯಿಂದ ಎದ್ದುಬಂದವರಂತೆ ಬೆಳ್ಳಗಾಗಿ ದೊಡ್ಡ ಮೇಡಂ ಕೋಣೆಗೆ ನುಗ್ಗಿದರು.

ಥ್ಯಾಂಕ್ಯೂ ಮೇಷ್ಟ್ರಿಗೆ ಕರೆ ಬಂತು. ಶಾಲೆಯ ಮುಖ್ಯಸ್ಥೆಯಾದ ದೊಡ್ಡ ಮೇಡಂ ಬಾಯಿ ತೆರೆದರೆ ನಡುವೆ ನಿಲ್ದಾಣವಿಲ್ಲದ ರೈಲು. ಮೇಲೆ ಫ್ಯಾನಿನ ಗಡಗಡ ಬೇರೆ. ಪುಸ್ತಕ ಓದಿ ಇಲ್ಲಿನ ಮಾತು ಕಲಿತ ಮೇಷ್ಟ್ರಿಗೆ 'ಮಕ್ಕಳು', 'ರಜೆ', 'ಸಂತೋಷ' ಇಷ್ಟು ಮಾತ್ರ ಸಿಕ್ಕಿದವು. ಸುಖವಾಗಿ ಹೋಗಿಬನ್ನಿ ಎನ್ನುತ್ತಿದ್ದಾರೆಂದುಕೊಂಡು ನಗುನಗುತ್ತಾ ತಲೆಯಾಡಿಸಿದರು.

"ಅರ್ಥ ಆಯ್ತಾ ಮೇಷ್ಟ್ರೇ?"

"ಆಯ್ತು ಮೇಡಂ!" ರಾಗ ಕೂಡ ಮಕ್ಕಳದ್ದೇ.

ಬಾಗಿಲಲ್ಲೇ ನಿಂತು ಎಲ್ಲ ಕೇಳಿಸಿಕೊಂಡಿದ್ದ ಲೆಕ್ಕದ ಮೇಷ್ಟ್ರು ಕೈ ಕುಲುಕಿದರು. "ಎಂಥಾ ದೊಡ್ಡ ಮನಸ್ಸು ಸಾರ್ ನಿಮ್ದು! ಪಾಠ ಅರ್ಥ ಆಗದ ಮಕ್ಕಳಿಗೆಲ್ಲ ರಜೆ ಪೂರ್ತಿ ನೀವೇ ಕ್ಲಾಸ್ ತಗೋತೀನಿ ಅಂತ ಒಪ್ಕೊಂಡ್ರಲ್ಲ!"

ಥ್ಯಾಂಕ್ಯೂ ಮೇಷ್ಟ್ರ ಕಣ್ಣಮುಂದೆ ಬಾಗಿಲಲ್ಲಿ ನಿಂತು ದಾರಿ ಕಾಯುವ ಅಮ್ಮ ಬಂದರು. ಅರ್ಥ ಆಗದ ಮಕ್ಕಳೇ ಇಲ್ಲವೆಂದಾದರೆ ಕ್ಲಾಸ್ ಯಾರಿಗೆ? ಎದ್ದುಬಿದ್ದು ತರಗತಿಗೆ ಓಡಿದರು.

"ಮಕ್ಕಳೇ, ನಾನು ಮಾಡಿದ ಪಾಠ ಎಲ್ಲ ಅರ್ಥ ಆಗಿದೆ ಅಲ್ವಾ? ಅರ್ಥ ಆಯ್ತು ತಾನೇ?" ಎಂದು ಅಂಗಲಾಚಿದರು.

ಇಡೀ ತರಗತಿ ಎದ್ದು ನಿಂತು, "ಆಗ್ಲಿಲ್ಲ ಸಾರ್!" ಎಂದು ಒಂದೇ ರಾಗದಲ್ಲಿ ಕೂಗಿ, ಚಪ್ಪಾಳೆಗಾಗಿ ಕಾಯತೊಡಗಿತು.