ಇವತ್ತು ಯಾವ ಸಾರು?

ಕಂಪ್ಯೂಟರಿಗೆ ಪಾಸ್‌ವರ್ಡ್ ಇಡಬೇಕೆಂಬ ಉಪಾಯ ಜಗತ್ತಿನಲ್ಲಿ ಮೊದಲು ಯಾರಿಗೆ ಹೊಳೆಯಿತೋ ನನಗೆ ಗೊತ್ತಿಲ್ಲ. ಆದರೆ ನಮ್ಮ ಸೋದರತ್ತೆಗೆ ಅದು ಯಾರ ಸಹಾಯವೂ ಇಲ್ಲದೆ, ಒಲೆಯ ಮುಂದೆ ನಿಂತಿದ್ದಾಗ ಹೊಳೆಯಿತು ಎಂಬುದಕ್ಕೆ ನಾನೇ ಸಾಕ್ಷಿ. ಜೆ.ಪಿ. ನಗರದಲ್ಲಿ ಮನೆಗಳಿಗಿಂತ ಖಾಲಿ ಸೈಟುಗಳೇ ಹೆಚ್ಚಾಗಿದ್ದ ಎಪ್ಪತ್ತರ ದಶಕದ ಕೊನೆ ಅದು. ಕಂಪ್ಯೂಟರನ್ನು ನಾವ್ಯಾರೂ ಕಣ್ಣಲ್ಲಿ ಕಂಡಿರಲಿಲ್ಲ. ಅತ್ತೆಯ ಮನೆಯ ಬಾಗಿಲಿಗೆ ಮಾತ್ರ ಆಗಲೇ ಪಾಸ್‌ವರ್ಡ್ ಇತ್ತು. ಅದೂ ದಿನಕ್ಕೊಂದು!

ನಾನಾಗ ಕಾಲೇಜು ಓದುವುದಕ್ಕೆಂದು ಅವರ ಮನೆಯಲ್ಲಿದ್ದೆ. ಅತ್ತೆ, ಮಾವ, ನಾನು, ಮೂರೇ ಜನ. ಮೂವರಲ್ಲಿ ಇಬ್ಬರು ದಿನವೂ ಸಂಜೆ ಬಾಗಿಲಾಚೆ ನಿಂತು ಪರೀಕ್ಷೆ ಕೊಡುವವರು, ಒಬ್ಬರು ಪರೀಕ್ಷಕರು.

ಇದಕ್ಕೆಲ್ಲ ಕಾರಣ ಪಕ್ಕದ ಮನೆಯ ರೇಡಿಯೋ. ಒಂದು ಮಧ್ಯಾಹ್ನ ಇಸ್ತ್ರಿ ಶರಟಿನ ಒಬ್ಬ ಮನುಷ್ಯ ಪಕ್ಕದ ಮನೆಯ ಬಾಗಿಲು ತಟ್ಟಿ, "ಅಕ್ಕಾ, ಸಾರ್ ಕಳಿಸಿದ್ರು. ರೇಡಿಯೋ ಗೊರಗೊರ ಅಂತಿದೆಯಂತಲ್ಲ, ರಿಪೇರಿಗೆ ತಗೊಂಡು ಬಾ ಅಂದ್ರು" ಎಂದನಂತೆ. ಆ ಕಾಲದಲ್ಲಿ ಗೊರಗೊರ ಅನ್ನದ ರೇಡಿಯೋ ಯಾರ ಮನೆಯಲ್ಲಿತ್ತು ಹೇಳಿ? ಪಾಪ, ಆಕೆ ರೇಡಿಯೋವನ್ನು ಟವೆಲಿನಲ್ಲಿ ಸುತ್ತಿ, ಬಿಸಿಲಲ್ಲಿ ಬಂದಿದ್ದಾನೆಂದು ಕಾಫಿಯನ್ನೂ ಕೊಟ್ಟು ಕಳಿಸಿದರು. ಸಂಜೆ ಯಜಮಾನರು ಬಂದ ಮೇಲೆ ತಿಳಿಯಿತು, ಅವರು ಯಾರನ್ನೂ ಕಳಿಸಿರಲಿಲ್ಲ.

ಬೀದಿಯವರೆಲ್ಲ ಮಾರನೆಯ ದಿನವೇ ದೊಡ್ಡ ದೊಡ್ಡ ಬೀಗ ತಂದರು. ಅತ್ತೆ ತರಲಿಲ್ಲ.

"ಬೀಗ ಏನ್ ಮಾಡುತ್ತೆ? ಅವನು ಬೀಗ ಒಡೆದ್ನಾ? ಗೋಡೆ ಹಾರಿದ್ನಾ? ಸಾರ್ ಕಳಿಸಿದ್ರು ಅಂತ ಎರಡು ಮಾತು ಹೇಳ್ದ, ಅವಳೇ ಎತ್ತಿ ಕೊಟ್ಳು. ಮನೆಯವರಿಗೆ ಮಾತ್ರ ಗೊತ್ತಿರೋದು ಏನಾದ್ರೂ ಒಂದು ಕೇಳ್ಬೇಕು ಕಣೇ."

ಮನೆಯವರಿಗೆ ಮಾತ್ರ ಗೊತ್ತಿರುವುದು ಏನು? ಬೆಳಿಗ್ಗೆ ಉಂಡು ಹೋದ ಸಾರು! ಬಾಗಿಲು ತಟ್ಟಿದವರು ಯಾರೇ ಆಗಲಿ, ಒಳಗಿನಿಂದ ಪ್ರಶ್ನೆ ಬರುತ್ತಿತ್ತು: "ಇವತ್ತು ಯಾವ ಸಾರು?" ಉತ್ತರ ಸರಿಯಾದರೆ ಚಿಲಕ ಸರಿಯುತ್ತಿತ್ತು. ತಪ್ಪಾದರೆ ಇಲ್ಲ. ಉತ್ತರವನ್ನು ಎಲ್ಲೂ ಬರೆದಿಡುವಂತಿರಲಿಲ್ಲ, ಯಾರಿಗೂ ಹೇಳುವಂತಿರಲಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ನಿನ್ನೆಯ ಸಾರು ಇವತ್ತು ಇರುವಂತಿರಲಿಲ್ಲ. "ಒಂದೇ ಗುಟ್ಟು ಎರಡು ದಿನ ಇಟ್ರೆ ಅದು ಗುಟ್ಟಲ್ಲ, ಬೋರ್ಡು" ಎಂದು ಅತ್ತೆ ಹೇಳುತ್ತಿದ್ದರು. ಇದರಿಂದ ನಮಗೊಂದು ಲಾಭವೂ ಆಯಿತೆನ್ನಿ. ಭದ್ರತೆಯ ಹೆಸರಿನಲ್ಲಿ ದಿನಕ್ಕೊಂದು ಬಗೆಯ ಊಟ ಸಿಗುತ್ತಿತ್ತು.

ಮಾವನ ಪಾಡು ಮಾತ್ರ ನಾಯಿಪಾಡು. ಅವರು ಸರ್ಕಾರಿ ಕಚೇರಿಯಲ್ಲಿದ್ದವರು. ತಟ್ಟೆ ನೋಡದೆ, ಪೇಪರು ನೋಡುತ್ತಾ ಉಣ್ಣುವ ಜಾತಿ. ಬೆಳಿಗ್ಗೆ ಏನು ಉಂಡಿರಿ ಎಂದರೆ "ಊಟ" ಎನ್ನುವವರು. ಸಂಜೆ ಕಿಕ್ಕಿರಿದ ಬಸ್ಸಿನಿಂದ ಇಳಿದು, ಬೆವರು ಒರೆಸಿಕೊಂಡು ಬಾಗಿಲು ತಟ್ಟಿದರೆ ಈ ಪ್ರಶ್ನೆ!

"ಲೇ, ನಾನು ಕಣೇ!"

"ನಾನು ಅಂತ ಎಲ್ಲರೂ ಅಂತಾರೆ. ಯಾವ ಸಾರು?"

"ನನ್ನ ದನಿ ಗೊತ್ತಾಗಲ್ವೇನೇ ನಿಂಗೆ? ಹದಿನೆಂಟು ವರ್ಷ ಆಯ್ತು ಮದುವೆಯಾಗಿ!"

"ರೇಡಿಯೋ ನಾಟಕದಲ್ಲಿ ಒಬ್ಬನೇ ನಾಲ್ಕು ಜನದ ದನಿ ಮಾಡಲ್ವಾ? ದನಿ ನಂಬಕ್ಕಾಗಲ್ಲ. ಸಾರು ಹೇಳಿ."

ಗೊತ್ತಿಲ್ಲದಾಗ ಮಾವ ಹೇಳುತ್ತಿದ್ದ ಉತ್ತರ ಯಾವಾಗಲೂ ಒಂದೇ: "ಬಸ್ಸಾರು." ಏಕೆಂದರೆ ಅವರ ಜೀವ ಇದ್ದದ್ದು ಬಸ್ಸಾರಿನಲ್ಲಿ. ಅತ್ತೆಗೋ ಅದನ್ನು ಮಾಡುವುದೆಂದರೆ ಆಗದು. ಸೊಪ್ಪು ಬಿಡಿಸಬೇಕು, ಕಾಳಿನ ಜೊತೆ ಬೇಯಿಸಬೇಕು, ಕಟ್ಟು ಬಸಿಯಬೇಕು, ಬಸಿದದ್ದಕ್ಕೆ ಖಾರ ರುಬ್ಬಬೇಕು, ಉಳಿದದ್ದನ್ನು ಪಲ್ಯ ಮಾಡಬೇಕು. ತಿಂಗಳಿಗೊಮ್ಮೆ ಮಾಡಿದರೆ ದೊಡ್ಡದು. ಹಾಗಾಗಿ ಒಳಗಿನಿಂದ ಸಿಟ್ಟಿನ ಉತ್ತರ ಬರುತ್ತಿತ್ತು: "ಆಸೆ ಹೇಳ್ಬೇಡಿ, ಸಾರು ಹೇಳಿ!"

ಒಮ್ಮೆ ಹೀಗೆಯೇ ಮಾವ ಮೆಟ್ಟಿಲ ಮೇಲೆ ತಲೆ ಕೆರೆಯುತ್ತಾ ನಿಂತಿದ್ದಾಗ ಪಕ್ಕದ ಕಾಂಪೌಂಡಿನಿಂದ ಆ ರೇಡಿಯೋ ಕಳಕೊಂಡ ಪುಣ್ಯಾತ್ಗಿತ್ತಿ ಕೂಗಿದರು. "ಹುರುಳಿಕಾಳು ಸಾರ್, ಹುರುಳಿಕಾಳು! ಬೆಳಿಗ್ಗೆಯಿಂದ ಬೀದಿಗೆಲ್ಲ ಘಮಘಮ ಅಂತಿದೆ!"

ಮಾವ ಒಳಗೆ ಬಂದರು. ಅತ್ತೆಯ ಮುಖ ಬಿಳಿಚಿತ್ತು. ತನ್ನ ವ್ಯವಸ್ಥೆಯಲ್ಲಿ ಇಷ್ಟು ದೊಡ್ಡ ತೂತು! ಒಗ್ಗರಣೆಯ ವಾಸನೆ ಗುಟ್ಟನ್ನೆಲ್ಲ ಬೀದಿಗೆ ಹಂಚುತ್ತಿತ್ತು! ಮರುದಿನದಿಂದ ಅಡುಗೆಮನೆಯ ಕಿಟಕಿ ಬಂದ್. ಬೇಸಿಗೆಯಲ್ಲೂ ಕದ ಹಾಕಿಕೊಂಡು, ಹೊಗೆಯಲ್ಲಿ ಕೆಮ್ಮುತ್ತಾ ಒಗ್ಗರಣೆ ಹಾಕುತ್ತಿದ್ದರು ನಮ್ಮತ್ತೆ. ದೇಶದ ಗಡಿ ಕಾಯುವವರು ಕೂಡ ಅಷ್ಟು ಕಷ್ಟಪಡುತ್ತಿದ್ದರೋ ಇಲ್ಲವೋ!

ಆಮೇಲೊಂದು ದಿನ ಮಾವ ನಂಬರ್ ಲಾಕಿನ ಸೂಟ್‌ಕೇಸ್ ತಂದರು. ಮೂರು ಚಕ್ರ, ಮೂರು ಅಂಕಿ. "ಇದಕ್ಕೆ ಕೀಲಿಕೈಯೇ ಬೇಡ ಕಣೇ. ಸಾವಿರ ನಂಬರ್ ಇದೆ, ಯಾವನು ಕೂತ್ಕೊಂಡು ನೋಡ್ತಾನೆ?" ಎಂದು ಹೆಮ್ಮೆಯಿಂದ ಮೇಜಿನ ಮೇಲಿಟ್ಟು ಸ್ನಾನಕ್ಕೆ ಹೋದರು. ಬರುವಷ್ಟರಲ್ಲಿ ಸೂಟ್‌ಕೇಸ್ ಬಾಯಿ ತೆರೆದುಕೊಂಡು ಕೂತಿತ್ತು.

"ಹೇಗೆ ತೆಗೆದ್ಯೇ?"

"ಮೊದಲನೇ ಸಲಕ್ಕೇ ತೆಗೀತು. ಮೂರು ನಂಬರ್ ಇಡಿ ಅಂದ್ರೆ ನಮ್ಮ ಜನ ನೂರಾ ಎಂಟು ಬಿಟ್ಟು ಇನ್ನೇನಿಡ್ತಾರೆ?"

ಮಾವ ಆ ಸೂಟ್‌ಕೇಸಿನಲ್ಲಿ ಕೊನೆಯವರೆಗೂ ಹಳೆಯ ಪಂಚಾಂಗಗಳನ್ನು ಇಟ್ಟಿದ್ದರು.

ವರ್ಷಗಟ್ಟಲೆ ಕಾದ ಮೇಲೆ ಮನೆಗೆ ಟೆಲಿಫೋನ್ ಬಂತು. ಬೀದಿಯಲ್ಲಿ ಎಲ್ಲರೂ ಡಯಲಿಗೆ ಪುಟ್ಟ ಬೀಗ ಹಾಕುತ್ತಿದ್ದರು, ಯಾರೂ ಇಲ್ಲಿಂದ ಫೋನ್ ಮಾಡದಿರಲಿ ಎಂದು. ಅತ್ತೆಯ ಪ್ರಕಾರ ಅಪಾಯ ಇದ್ದದ್ದು ಆ ಕಡೆಯಿಂದ ಬರುವ ಫೋನಿನಲ್ಲಿ. "ಬಾಗಿಲಲ್ಲಾದ್ರೆ ಕಿಟಕಿಯಿಂದ ಕಾಲಾದ್ರೂ ಕಾಣುತ್ತೆ. ಇದರಲ್ಲಿ ಏನ್ ಕಾಣುತ್ತೆ, ಮಣ್ಣು?" ಹೀಗಾಗಿ ಮೊದಲ ದಿನ ಫೋನ್ ಮಾಡಿದ ಮಾವನ ಮೇಲಧಿಕಾರಿಗೂ ಅದೇ ಪ್ರಶ್ನೆ. ಮಾರನೆಯ ದಿನ ಆ ಸಾಹೇಬರು ಮಾವನನ್ನು ಕೋಣೆಗೆ ಕರೆದು, "ನಿಮ್ಮ ಮನೆಯಲ್ಲಿ ಎಲ್ಲ ಆರೋಗ್ಯವಾಗಿದಾರೇನ್ರೀ?" ಎಂದು ಕೇಳಿದರಂತೆ!

ಎಂಬತ್ತರ ದಶಕದ ನಡುವೆ ನನಗೆ ಜಯನಗರದ ಒಂದು ಆಫೀಸಿನಲ್ಲಿ ಕೆಲಸ ಸಿಕ್ಕಿತು. ಅಲ್ಲಿಗೆ ಕಂಪ್ಯೂಟರ್ ಬಂತು. ಅದಕ್ಕೊಂದು ಗಾಜಿನ ಕೋಣೆ, ನಮಗಿಲ್ಲದ ಏರ್ ಕಂಡೀಷನ್. ಚಪ್ಪಲಿ ಆಚೆ ಬಿಟ್ಟು ಒಳಗೆ ಹೋಗಬೇಕು. ಮೊದಲ ದಿನ ಕುಂಕುಮ ಇಟ್ಟು, ನಿಂಬೆಹಣ್ಣು ನಿವಾಳಿಸಿ ಪೂಜೆ ಮಾಡಿದೆವು. ನಾನು ಮನೆಗೆ ಓಡಿಬಂದು ಅತ್ತೆಗೆ ಸುದ್ದಿ ಮುಟ್ಟಿಸಿದೆ. "ಅತ್ತೆ, ಅದಕ್ಕೂ ನಿಮ್ಮ ಹಾಗೆಯೇ ಗುಟ್ಟಿನ ಮಾತು ಹೇಳ್ಬೇಕು! ಪಾಸ್‌ವರ್ಡ್ ಅಂತಾರೆ."

ಅತ್ತೆ ಅವರೆಕಾಯಿ ಬಿಡಿಸುವುದನ್ನು ನಿಲ್ಲಿಸಿದರು. "ನಿಮ್ಮ ಸಾಹೇಬ್ರು ಏನು ಇಟ್ಟಿದಾರೆ?"

"ಅವರ ಮಗಳ ಹೆಸರು. ಮರೆಯದಿರ್ಲಿ ಅಂತ ಕ್ಯಾಲೆಂಡರ್ ಹಿಂದೆ ಬರೆದೂ ಇಟ್ಟಿದಾರೆ."

"ದಿನಾ ಬೀದಿಲಿ ನಿಂತು ಕೂಗಿ ಕರೆಯೋ ಹೆಸರನ್ನ ಗುಟ್ಟು ಅಂತಾನಲ್ಲ, ಅವನಿಗೆ ಯಾರು ಕೆಲಸ ಕೊಟ್ರು?" ಎಂದ ಅತ್ತೆ, ಸ್ವಲ್ಪ ಹೊತ್ತಿನ ಮೇಲೆ ಕೇಳಿದರು: "ಮರೆತುಬಿಟ್ರೆ?"

"ಮರೆತ್ರೆ ಒಳಗೆ ಬಿಡಲ್ಲ. ಸಾಹೇಬ್ರೇ ಆದ್ರೂ ಅಷ್ಟೆ."

"ಅದು ಸರಿಯಾದ ಮೆಷಿನ್ನು" ಎಂದು ಅತ್ತೆ ತಲೆದೂಗಿದರು. ಕಂಪ್ಯೂಟರಿನ ಬಗ್ಗೆ ಅವರು ಒಳ್ಳೆಯ ಮಾತಾಡಿದ್ದು ಅದೊಂದೇ ಸಲ.

ಅದಾದ ಮೇಲೆ ನನಗೆ ಮದುವೆಯಾಗಿ ಚಿಕ್ಕಲಸಂದ್ರದಲ್ಲಿ ಮನೆ ಮಾಡಿದೆವು. ಮಾವ ನಿವೃತ್ತರಾದರು. ಸಂಜೆ ಸಾರಕ್ಕಿ ಕೆರೆಯ ಕಡೆ ನಡೆದುಕೊಂಡು ಹೋಗಿಬರುವುದೊಂದೇ ಅವರ ಉದ್ಯೋಗ. ಅವರಿಗೆ ಮರೆವು ಶುರುವಾಗಿದೆ ಎಂದು ಅತ್ತೆ ಫೋನಿನಲ್ಲಿ ಹೇಳಿದಾಗ ನಾನು ನಕ್ಕಿದ್ದೆ. ಮಾವನಿಗೆ ನೆನಪಿದ್ದದ್ದಾದರೂ ಯಾವಾಗ?

ಒಮ್ಮೆ ಭಾನುವಾರ ಹೋದೆ. ಬಸ್ಸಾರು ಮಾಡಿದ್ದರು. ಬುಧವಾರ ಆಫೀಸಿನಿಂದ ಹಾಗೇ ಹೋದೆ. ಬಸ್ಸಾರು. ಮುಂದಿನ ವಾರ ಸೋಮವಾರ ಹೋದರೂ ಬಸ್ಸಾರು! ಛೇಡಿಸಲು ಇದಕ್ಕಿಂತ ಒಳ್ಳೆಯ ಅವಕಾಶ ಸಿಕ್ಕೀತೇ?

"ಏನತ್ತೆ, ಒಂದೇ ಗುಟ್ಟು ಎರಡು ದಿನ ಇಟ್ರೆ ಬೋರ್ಡು ಅಂತಿದ್ರಿ? ಈಗ ಬೋರ್ಡು ಬರೆಸಿಬಿಟ್ರಾ?"

ಅತ್ತೆ ನಗಲಿಲ್ಲ. ನಾಳೆಯ ಸಾರಿಗೆ ಸೊಪ್ಪು ಬಿಡಿಸುತ್ತಾ, ತಲೆ ಎತ್ತದೆ ಹೇಳಿದರು.

"ಒಂದಿನ ಕೆರೆಯಿಂದ ಬಂದ್ರು. ನಾನು ಎಂದಿನ ಹಾಗೆ ಕೇಳ್ದೆ. ಬಸ್ಸಾರು ಅಂದ್ರು. ಅಲ್ಲ ಅಂದೆ. ಅವತ್ತು ಹುರುಳಿಕಾಯಿ ಮಾಡಿದ್ದೆ. ಜಗಳ ಆಡ್ತಾರೆ ಅಂತ ಕಾಯ್ತಾ ಇದ್ದೆ ಕಣೇ. ಆಡ್ಲಿಲ್ಲ. 'ತಪ್ಪಾಯ್ತಮ್ಮ, ನಮ್ಮನೆ ಅಂದ್ಕೊಂಡು ಬಂದ್ಬಿಟ್ಟೆ' ಅಂದ್ರು. ನನ್ನನ್ನ ಯಾವತ್ತೂ ಅಮ್ಮ ಅಂದವರಲ್ಲ. ಬಾಗ್ಲು ತೆಗೆಯೋ ಹೊತ್ತಿಗೆ ಗೇಟು ದಾಟಿ ಹೋಗ್ತಾ ಇದ್ರು."

ಬಿಡಿಸಿದ ಸೊಪ್ಪನ್ನು ಅತ್ತೆ ಬುಟ್ಟಿಗೆ ಹಾಕಿದರು.

"ಬರಿಗಾಲಲ್ಲಿ ಓಡಿದೆ. ಮೂಲೆ ಅಂಗಡಿ ಹತ್ರ ಸಿಕ್ಕಿದ್ರು. ಮಾರನೇ ದಿನ ಬಸ್ಸಾರು ಮಾಡ್ದೆ. ಅದೊಂದು ನೆನಪಲ್ಲಿ ಉಳ್ಕೊಂಡಿದೆ ಅವರಿಗೆ. ಇನ್ನೇನು ಕೇಳಿದ್ರೂ ಅದನ್ನೇ ಹೇಳ್ತಾರೆ. ದಿನಾ ಅದನ್ನೇ ಮಾಡಿದ್ರೆ ದಿನಾ ಸರಿ ಹೇಳ್ತಾರೆ, ಅಲ್ವಾ?"

"ಕೇಳದೆ ಬಾಗಿಲು ತೆಗೆದ್ರೆ ಆಯ್ತಲ್ಲ ಅತ್ತೆ?"

"ತೆಗೆದು ನೋಡ್ದೆ. ಒಳಗೇ ಬರಲಿಲ್ಲ. ಯಾರೂ ಏನೂ ಕೇಳ್ಲಿಲ್ವಲ್ಲ, ಇದು ಬೇರೆಯವರ ಮನೆ ಅಂತ ನಿಂತ್ಕೊಂಡ್ರು."

ಇಷ್ಟು ವರ್ಷ ನಾನು ಯಾವುದನ್ನು ಕಥೆ ಮಾಡಿ ಆಫೀಸಿನಲ್ಲಿ ಎಲ್ಲರನ್ನೂ ನಗಿಸುತ್ತಿದ್ದೆನೋ ಅದೇ ಪ್ರಶ್ನೆ ಈಗ ಆ ಮನುಷ್ಯನಿಗೆ ಮನೆಯ ಗುರುತಾಗಿತ್ತು. ನನಗೆ ನಾಚಿಕೆಯಾಯಿತು, ಅಳುವೂ ಬಂತು.

ಆರು ಗಂಟೆಯಾಗುತ್ತಿತ್ತು. ಅತ್ತೆ ಗಡಿಯಾರ ನೋಡಿ ಎದ್ದು ಅಡುಗೆಮನೆಗೆ ಹೋದರು. ಸಾರು ಆಗಲೇ ಸಿದ್ಧವಾಗಿತ್ತು, ಒಗ್ಗರಣೆಯೂ ಬಿದ್ದಿತ್ತು. ಆದರೂ ಸೌಟಿಗೆ ಎಣ್ಣೆ ಹಾಕಿ, ಸಾಸಿವೆ ಸಿಡಿಸಿ, ಜಜ್ಜಿದ ಬೆಳ್ಳುಳ್ಳಿ ಹಾಕಿ ಮತ್ತೊಮ್ಮೆ ಒಗ್ಗರಣೆ ಕೊಟ್ಟರು. ಚುರ್ ಎಂದಿತು. ಆಗಲೇ ನಾನು ನೋಡಿದ್ದು, ಹತ್ತು ವರ್ಷ ಮುಚ್ಚಿಕೊಂಡೇ ಇದ್ದ ಅಡುಗೆಮನೆಯ ಕಿಟಕಿ ಎರಡು ಕದವೂ ಹಾರುಹೊಡೆದು ಬೀದಿಗೆ ತೆರೆದುಕೊಂಡಿತ್ತು. ಘಮ ಗೇಟಿನವರೆಗೂ ಹೋಗುತ್ತಿತ್ತು.

ಗೇಟಿನ ಸದ್ದಾಯಿತು. ನಿಧಾನವಾದ ಹೆಜ್ಜೆಗಳು ಮೆಟ್ಟಿಲ ಹತ್ತಿರ ಬಂದು ನಿಂತವು. ಅತ್ತೆ ಸೆರಗಿನಿಂದ ಕೈ ಒರೆಸಿಕೊಂಡು ಬಾಗಿಲ ಹಿಂದೆ ನಿಂತು, ಹಳೆಯ ಪರೀಕ್ಷಕರ ದನಿಯಲ್ಲೇ ಕೇಳಿದರು.

"ಇವತ್ತು ಯಾವ ಸಾರು?"