ತಕ್ಕಡಿರಾಯನ ಹದಿನಾಲ್ಕು ಪುಟದ ಅರ್ಜಿ

ಲೋಕದಲ್ಲಿ ಅನ್ಯಾಯ ಎಲ್ಲೇ ತಲೆ ಎತ್ತಲಿ, ಅದನ್ನು ಗ್ರಾಂ ಲೆಕ್ಕದಲ್ಲಿ ತೂಗಿ ಸರಿಪಡಿಸಿಯೇ ತೀರುತ್ತೇನೆ ಎಂದು ತಕ್ಕಡಿರಾಯ ಶಪಥ ಮಾಡಿದ್ದು ಒಂದು ಮಧ್ಯಾಹ್ನ, ಊಟದ ಡಬ್ಬಿಯ ಮುಚ್ಚಳ ಕೈಯಲ್ಲಿ ಹಿಡಿದುಕೊಂಡು. ಕಾರಣ ಘನವಾದದ್ದೇ. ಮೊಬೈಲ್ ಆಟದಲ್ಲಿ ಅವನು ಸತತ ಹನ್ನೊಂದನೆಯ ಬಾರಿ ಸೋತಿದ್ದ!

ತಕ್ಕಡಿರಾಯ ಎಂಬುದು ಅವನ ಹುಟ್ಟುಹೆಸರೇನಲ್ಲ. ಅಂಗಡಿಗಳ ತೂಕದ ಯಂತ್ರ ರಿಪೇರಿ ಮಾಡಿ, ಸರಿಯಾಗಿದೆ ಎಂದು ಚೀಟಿ ಅಂಟಿಸುವುದು ಅವನ ಕೆಲಸ. ಜೊತೆಯವರು ಗೇಲಿಗೆ ಇಟ್ಟ ಹೆಸರನ್ನು ಇವನು ಬಿರುದೆಂದು ಸ್ವೀಕರಿಸಿ ಆಟದಲ್ಲೂ ಅದನ್ನೇ ಹಾಕಿಕೊಂಡಿದ್ದ.

ಆಟ ಸರಳ. ಈ ಕಡೆ ಐದು ಜನ, ಆ ಕಡೆ ಐದು ಜನ, ನಡುವೆ ಒಂದು ಕೋಟೆ. ಬಡಿದಾಡಿ ಕೋಟೆ ಹಿಡಿಯಬೇಕು. ತಕ್ಕಡಿರಾಯ ಬಿಲ್ಲುಗಾರ. ಅವನ ಸಿಟ್ಟೆಲ್ಲ ವೈದ್ಯೆ ಎಂಬ ಪಾತ್ರದ ಮೇಲೆ. ಬಿಳಿ ನಿಲುವಂಗಿಯ ಈ ಹೆಂಗಸು ಯಾರಿಗೂ ಹೊಡೆಯುವುದಿಲ್ಲ, ಬಿದ್ದವರ ಪಕ್ಕ ಕೂತು ಎಬ್ಬಿಸುತ್ತಾಳೆ. ತಕ್ಕಡಿರಾಯ ಬೆವರು ಸುರಿಸಿ ಒಬ್ಬನನ್ನು ಕೆಡವಬೇಕು, ಇವಳು ಮೂರೇ ಸೆಕೆಂಡಿನಲ್ಲಿ ಎಬ್ಬಿಸಿ ಕಳಿಸಬೇಕು, ಅವನು ಬಂದು ಇವನಿಗೇ ಬಾರಿಸಬೇಕು! ಇದ್ಯಾವ ನ್ಯಾಯ ಸ್ವಾಮಿ?

ಕಂಪನಿಯವರು 'ಆಟಗಾರರ ಕಟ್ಟೆ' ಎಂಬ ಒಂದು ಜಾಗ ಇಟ್ಟಿದ್ದರು. ಅಲ್ಲಿ ಯಾರು ಬೇಕಾದರೂ ಅರ್ಜಿ ಹಾಕಬಹುದು. ಹೆಚ್ಚು ಲೈಕು ಬಿದ್ದ ಅರ್ಜಿಯನ್ನು ಅವರು ಪರಿಶೀಲಿಸುತ್ತಾರೆ. ತಕ್ಕಡಿರಾಯ ಎರಡು ಭಾನುವಾರ ಊಟದ ಮೇಜನ್ನೇ ಆಕ್ರಮಿಸಿಕೊಂಡು, ವೈದ್ಯೆಯ ಶಕ್ತಿ ಇಳಿಸಿ ಎಂದು ಬರೆದ. ಇಂಥವೇ ಇನ್ನೆರಡು ಆಟಗಳನ್ನು ಪಕ್ಕದಲ್ಲಿಟ್ಟು ಹೋಲಿಸಿದ. ಯಾವ ಆಟದಲ್ಲಿ ಯಾರಿಗೆ ಎಷ್ಟು ಬಲ, ಎಷ್ಟು ಪೆಟ್ಟು, ಎಷ್ಟು ಸೆಕೆಂಡು ಎಂದು ಕೋಷ್ಟಕಗಳ ಮೇಲೆ ಕೋಷ್ಟಕ!

ಹೆಂಡತಿ ಹೊಲಿಗೆ ಯಂತ್ರದ ಮುಂದಿನಿಂದಲೇ ಕೇಳಿದಳು. "ಹದಿನಾಲ್ಕು ಪುಟಾನಾ! ಮದುವೆಗೆ ಮುಂಚೆ ನನಗೆ ಬರೆದಿದ್ದು ಒಂದೂವರೆ ಪುಟ."

"ಅದು ಪ್ರೀತಿ ಕಣೇ. ಇದು ನ್ಯಾಯ."

"ಅಡುಗೆಮನೆ ತೂಕದ ಯಂತ್ರ ಕೆಟ್ಟು ಆರು ತಿಂಗಳಾಯ್ತು. ಅದರ ನ್ಯಾಯ ಯಾವಾಗ್ರೀ?"

ಮಹಾಪುರುಷರು ಇಂಥ ಪ್ರಶ್ನೆಗಳಿಗೆ ಉತ್ತರಿಸುವುದಿಲ್ಲ. ಅವನು ಕೊನೆಯ ಕೋಷ್ಟಕಕ್ಕೆ ಬಂದಿದ್ದ. ಆಟ ಮುಗಿದ ಮೇಲೆ ತಂಡದವರು ಕೂತು ಮಾತಾಡಲು ಈ ಆಟದಲ್ಲಿ ಒಂದು ಕೋಣೆ ಇತ್ತು. ಉಳಿದೆರಡರಲ್ಲಿ ಇರಲಿಲ್ಲ. ಅದರ ಎದುರು, 'ಬರೀ ಹರಟೆ, ಸಮತೋಲನಕ್ಕೆ ಸಂಬಂಧವಿಲ್ಲ, ಅಂಕ ಸೊನ್ನೆ' ಎಂದು ಬರೆದು ಅರ್ಜಿ ಕಳಿಸಿಬಿಟ್ಟ.

ಇಲ್ಲಿ ಒಳಕೋಣೆಯ ಮಾವನ ವಿಷಯ ಹೇಳಬೇಕು. ಮಾವ ಆಸ್ಪತ್ರೆಯಲ್ಲಿ ಮೂವತ್ತೆರಡು ವರ್ಷ ಕಾಂಪೌಂಡರ್ ಆಗಿದ್ದವರು. ಎಷ್ಟೋ ಜನರ ಗಾಯಕ್ಕೆ ಪಟ್ಟಿ ಕಟ್ಟಿದ ಆ ಕೈಗೆ, ಎಂಟು ತಿಂಗಳ ಹಿಂದೆ ಅತ್ತೆ ಜ್ವರದಲ್ಲಿ ಮಲಗಿದವರು ಏಳದೇ ಹೋದಾಗ ಏನೂ ಮಾಡಲಾಗಲಿಲ್ಲ. ಮಗಳ ಮನೆಗೆ ಬಂದ ಮೇಲೆ ಅವರ ಬಾಯಲ್ಲಿ ಉಳಿದಿದ್ದು ಮೂರೇ ಮಾತು. "ಹೂಂ", "ಬೇಡ", "ಆಮೇಲೆ". ತಟ್ಟೆಯ ಮುಂದೆ ಕೂತರೂ "ಆಮೇಲೆ" ಅನ್ನುತ್ತಿದ್ದರು.

ಹೊತ್ತು ಹೋಗಲಿ ಎಂದು ಹಳೆಯ ಮೊಬೈಲಿಗೆ ಆಟ ಹಾಕಿಕೊಟ್ಟವನು ತಕ್ಕಡಿರಾಯನೇ. ಅಂದಿನಿಂದ ಸಂಜೆ ಐದಾದರೆ ಒಳಕೋಣೆಯಿಂದ ದನಿ ಬರತೊಡಗಿತು. "ಬಂದೆ ಬಂದೆ, ಅಲುಗಾಡಬೇಡಪ್ಪ!" "ಹೆದರ್ಕೋಬೇಡಮ್ಮ, ನಾನಿದೀನಿ!" ಆಟ ಮುಗಿದರೂ ಮಾತು ಮುಗಿಯುತ್ತಿರಲಿಲ್ಲ. ತಂಡದಲ್ಲಿ ಒಬ್ಬ ಲಾರಿ ಚಾಲಕ, ಒಬ್ಬಳು ಬಾಣಂತಿ, ಇನ್ನಿಬ್ಬರು ಕಾಲೇಜಿನವರು. ಲಾರಿಯವನ ಬೆನ್ನುನೋವು, ಕೂಸಿನ ಹೊಟ್ಟೆನೋವು, ಎಲ್ಲಕ್ಕೂ ಮಾವನ ಸಲಹೆ. ಅವರು ಮಾವನನ್ನು ಡಾಕ್ಟರಜ್ಜ ಎಂದು ಕರೆಯುತ್ತಿದ್ದರು. ಆ ದನಿ ಕೇಳಲೆಂದೇ ಮಗಳು ಹೊಲಿಗೆ ಯಂತ್ರ ನಿಲ್ಲಿಸಿ ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದಳು.

ತಕ್ಕಡಿರಾಯ ಮನೆ ಸೇರುವುದು ಏಳೂವರೆಗೆ. ಅವನು ಇದನ್ನು ಕೇಳಿದವನಲ್ಲ. ಮಾವ ಆಟದಲ್ಲಿ ಯಾವ ಪಾತ್ರ ಹಿಡಿದಿದ್ದಾರೆ ಎಂದು ವಿಚಾರಿಸಿದವನೂ ಅಲ್ಲ.

ಅರ್ಜಿ ಮೊದಮೊದಲು ಮುಗ್ಗರಿಸಿತು. ಮೂರು ದಿನ ಒಂದೇ ಲೈಕು, ಅದೂ ಅವನದೇ! ಆಮೇಲೆ ಏನಾಯಿತೋ, ನೂರಾಯಿತು, ಸಾವಿರವಾಯಿತು, ಕಟ್ಟೆಯ ನೆತ್ತಿಗೇರಿತು. "ನೋಡಿದ್ಯಾ? ಸತ್ಯಕ್ಕೆ ಎಂಥಾ ಬಲ! ಎಲ್ಲ ನನ್ನ ಕೋಷ್ಟಕದ ಮಹಿಮೆ!" ಎಂದು ಅವನು ಮನೆತುಂಬ ಓಡಾಡಿದ. ಮುಂದಿನ ಸೋಮವಾರ ಕಂಪನಿಯಿಂದ ಪ್ರಕಟಣೆ ಬಂತು. ವೈದ್ಯೆಯ ಶಕ್ತಿ ಅರ್ಧಕ್ಕೆ ಇಳಿದಿತ್ತು. ತಕ್ಕಡಿರಾಯ ರಿಪೇರಿ ಅಂಗಡಿಯಲ್ಲಿ ಎಲ್ಲರಿಗೂ ಬಿಸ್ಕತ್ತು ಹಂಚಿದ.

ಬುಧವಾರ ಮನೆಗೆ ಬಂದರೆ ಹೆಂಡತಿ ಬಾಗಿಲಲ್ಲೇ ನಿಂತಿದ್ದಳು. ಮುಖ ಕಪ್ಪಿಟ್ಟಿತ್ತು.

"ಅಪ್ಪ ಮೂರು ದಿನದಿಂದ ಊಟ ಬಿಟ್ಟಿದಾರೆ. ಕೈ ನೋಡ್ಕೊಂಡು ಕೂತಿರ್ತಾರೆ. ಕೇಳಿದ್ರೆ, ನನ್ನ ಕೈ ಹೋಯ್ತು ಪುಟ್ಟಿ, ಇವತ್ತು ಆರು ಜನ ಹೋದ್ರು, ನಿಮ್ಮಮ್ಮನ ಥರಾನೇ ನೋಡ್ತಾ ನೋಡ್ತಾ ಹೋದ್ರು ಅಂತಾರೆ. ನನಗೆ ಭಯ ಆಗ್ತಿದೆ ಕಣ್ರೀ."

"ಯಾರು ಹೋದ್ರು? ಎಲ್ಲಿಗೆ?"

"ಆಟದಲ್ರೀ! ಅಪ್ಪ ಅದರಲ್ಲಿ ವೈದ್ಯೆ ಅಲ್ವಾ?"

ತಕ್ಕಡಿರಾಯ ಚಪ್ಪಲಿ ಬಿಡುತ್ತಿದ್ದವನು ಒಂದು ಕಾಲಿನಲ್ಲೇ ನಿಂತ. ಹೆಂಡತಿ ಅವನ ಮುಖ ನೋಡಿದಳು. ಊಟದ ಮೇಜಿನ ಕಡೆ ನೋಡಿದಳು. ಅವಳಿಗೆ ಕೋಷ್ಟಕ ಬೇಕಾಗಲಿಲ್ಲ.

"ಆ ಹದಿನಾಲ್ಕು ಪುಟ ಇದಕ್ಕಾ?"

"ನನಗೇನು ಗೊತ್ತಿತ್ತೇ..."

"ಗೊತ್ತಿರಲಿಲ್ವಾ? ಒಂದೇ ಸೂರಿನ ಕೆಳಗಿದೀರಿ! ಒಂದು ಮಾತು ಕೇಳಿದ್ರೆ ನಿಮ್ಮ ಗಂಟೇನು ಹೋಗ್ತಿತ್ತು?"

ಮಾವನ ತಂಡ ಅವರನ್ನು ಬೈದಿರಲಿಲ್ಲ. ಲಾರಿಯವನು ಮೆಲ್ಲಗೆ, "ಡಾಕ್ಟರಜ್ಜ, ಸ್ವಲ್ಪ ದಿನ ವಿಶ್ರಾಂತಿ ತಗೊಳ್ಳಿ, ನಿಮಗೆ ಸುಸ್ತಾಗಿದೆ" ಎಂದಿದ್ದನಂತೆ. ಕಂಪನಿಯ ಪ್ರಕಟಣೆ ಮಾವನೂ ಓದಿರಲಿಲ್ಲ, ಅವರೂ ಓದಿರಲಿಲ್ಲ. ಎಲ್ಲರೂ ಮುದುಕರ ಕೈಯನ್ನೇ ನಂಬಿದ್ದರು. ಮಾವ ಕಿವಿಯ ಹೆಡ್‌ಫೋನನ್ನು ಮಡಿಚಿ ಕಿಟಕಿಯ ಮೇಲಿಟ್ಟುಬಿಟ್ಟರು. ಈಗ "ಹೂಂ" ಕೂಡ ಇಲ್ಲ.

ನಿಜ ಹೇಳುವ ಧೈರ್ಯ ಬರದೆ ತಕ್ಕಡಿರಾಯ ಮೊದಲು ರಿಪೇರಿಗೆ ಇಳಿದ. ಎರಡನೆಯ ಆಟ ಹಾಕಿಕೊಟ್ಟ. ಅದರಲ್ಲಿ ಸಮತೋಲನ ಅಂದರೆ ಸಮತೋಲನ, ಕೂದಲೆಳೆ ಆಚೀಚೆ ಇಲ್ಲ! ಆದರೆ ಯಾರೂ ಯಾರೊಡನೆಯೂ ಮಾತಾಡುವಂತಿಲ್ಲ. ಆರು ನಗೆಮೊಗದ ಚಿತ್ರಗಳಿವೆ, ಒತ್ತಬಹುದು. ಜೊತೆಗಾರ ಬಿದ್ದ. ಮಾವ "ಅಯ್ಯೋ, ಎಲ್ಲಿ ಪೆಟ್ಟಾಯ್ತಪ್ಪ?" ಎಂದು ತಡಕಾಡಿ ಒಂದನ್ನು ಒತ್ತಿದರು. ಹೆಣದ ಮೇಲೆ 'ಭಲೇ ಭಲೇ!' ಎಂದು ಹೂಮಳೆ ಸುರಿಯಿತು. ಮಾವ ಮೊಬೈಲನ್ನು ಬೋರಲು ಹಾಕಿದರು.

ಮೂರನೆಯ ಆಟದಲ್ಲಿ ಮಾತಾಡಬಹುದಿತ್ತು, ಧಾರಾಳವಾಗಿ! ಎರಡೇ ನಿಮಿಷದಲ್ಲಿ ಯಾವನೋ, "ಏಯ್ ಮುದುಕಾ, ನಿನ್ನಿಂದ ಆಗಲ್ಲ, ಎದ್ದು ಹೋಗು!" ಎಂದು ಅರಚಿದ.

"ಹೋಗ್ತೀನಪ್ಪ" ಎಂದು ಮಾವ ತಣ್ಣಗೆ ಹೇಳಿ ಎದ್ದು ಹೋಗಿ ಮಲಗಿಕೊಂಡರು. ಬಾಗಿಲ ಹಿಂದೆ ನಿಂತಿದ್ದ ತಕ್ಕಡಿರಾಯ ಮೊಬೈಲಿನಿಂದ ಆ ಆಟವನ್ನು ಅಳಿಸಿಹಾಕಿದ.

ಕೊನೆಗೆ, ವೈದ್ಯೆಯ ಶಕ್ತಿ ವಾಪಸು ಕೊಡಿ ಎಂದು ಹೊಸ ಅರ್ಜಿ ಬರೆದ. ಕಟ್ಟೆಯವರು ಮೆಟ್ಟಿ ತುಳಿದರು. 'ತಕ್ಕಡಿರಾಯರೇ, ತಮ್ಮದೇ ಕೋಷ್ಟಕ ಮೂರನ್ನು ಒಮ್ಮೆ ಓದಿ' ಎಂದ ಒಬ್ಬ. 'ಪುಟ ಒಂಬತ್ತು ಅದ್ಭುತ!' ಎಂದ ಇನ್ನೊಬ್ಬ. ಅವನ ಹದಿನಾಲ್ಕು ಪುಟವನ್ನು ಅಲ್ಲಾಡಿಸಲು ಅವನಿಂದಲೇ ಆಗಲಿಲ್ಲ. ಅಷ್ಟು ಚೆನ್ನಾಗಿ ಬರೆದಿದ್ದ, ಪಾಪಿ!

"ಇನ್ನು ಬರೆದಿದ್ದು ಸಾಕು. ಹೋಗಿ ಬಾಯಲ್ಲಿ ಹೇಳಿ" ಎಂದಳು ಹೆಂಡತಿ. "ಅಪ್ಪ ನೀರೂ ಬೇಡ ಅಂತಿದಾರೆ."

ಭಾನುವಾರ ಬೆಳಗ್ಗೆ ಅವನು ಒಳಕೋಣೆಗೆ ಹೋಗಿ ಮಂಚದ ಪಕ್ಕ ನೆಲದ ಮೇಲೆ ಕೂತ.

"ಮಾವ, ನಿಮ್ಮ ಕೈಗೇನೂ ಆಗಿಲ್ಲ. ಕಂಪನಿಯವರೇ ವೈದ್ಯೆಯ ಶಕ್ತಿ ಕಡಿಮೆ ಮಾಡಿದ್ದು. ಯಾರ ಕೈಯಲ್ಲಿದ್ರೂ ಈಗ ಅಷ್ಟೇ."

ಮಾವ ಬಹಳ ಹೊತ್ತು ಎರಡೂ ಕೈಗಳನ್ನು ತಿರುಗಿಸಿ ನೋಡಿಕೊಂಡರು. "ಕೈ ಸರಿ ಇದೆ ಅಂತೀರಾ ಅಳಿಯಂದ್ರೇ?"

"ಸರಿ ಇದೆ ಮಾವ. ಆಣೆಗೂ."

"ಹಾಗಾದ್ರೆ ಅವರು ನನ್ನಿಂದ ಹೋಗಲಿಲ್ಲ." ಮುದುಕರು ಎದ್ದು ಕೂತರು. "ಒಂದು ಲೋಟ ನೀರು ಕೊಡಿ."

ನೀರು ಕುಡಿಯುವವರೆಗೆ ಕಾದು, ತಕ್ಕಡಿರಾಯ ತಲೆ ತಗ್ಗಿಸಿ ಉಳಿದದ್ದನ್ನೂ ಕಕ್ಕಿದ. "ಕಂಪನಿಯವರು ಕಡಿಮೆ ಮಾಡಿದ್ದು ನನ್ನ ಅರ್ಜಿಯಿಂದ ಮಾವ. ಕಟ್ಟೆಯಲ್ಲಿ ಹಾಕಿದ್ದೆ. ತಪ್ಪಾಯ್ತು."

"ಯಾವುದು, ಆ ಉದ್ದದ್ದಾ?" ಮಾವ ಲೋಟ ಕೆಳಗಿಟ್ಟರು. "ಅಯ್ಯೋ, ಅದಕ್ಕೆ ನಾನೂ ಲೈಕ್ ಒತ್ತಿದ್ದೆನಲ್ಲ! ತಕ್ಕಡಿರಾಯ ಅಂತ ಹೆಸರು ನೋಡಿದೆ. ಮೂರು ದಿನ ಆದ್ರೂ ಒಬ್ಬರೂ ತಿರುಗಿ ನೋಡಿರಲಿಲ್ಲ. ಮನಸ್ಸಿಗೆ ಕೆಡುಕೆನಿಸ್ತು. ನಮ್ಮ ಲಾರಿಯವನಿಗೆ ಹೇಳಿದೆ, ಅವನು ಸ್ಟ್ಯಾಂಡಿನ ಡ್ರೈವರುಗಳಿಗೆಲ್ಲ ಹೇಳಿದ. ಹುಡುಗರಿಬ್ಬರೂ ಕಾಲೇಜಿಗೆಲ್ಲ ಕಳಿಸಿದ್ರು. ಸಾವಿರ ದಾಟಿದ ದಿನ ಎಷ್ಟು ಖುಷಿಯಾಯ್ತು ಗೊತ್ತಾ?"

ತಕ್ಕಡಿರಾಯ ತಲೆ ಎತ್ತಿದ. "ಮಾವ... ಒತ್ತೋಕೆ ಮುಂಚೆ ಅದನ್ನ ಓದಲಿಲ್ವಾ?"

"ನಮ್ಮ ಮನೆಯವರು ಬರೆದದ್ದು ಅಂದ್ಮೇಲೆ ಓದೋದೇನು ಬಂತು?" ಎಂದರು ಮಾವ.