ನ್ಯೂಟ್ರಲ್‌ನಲ್ಲಿ ಇಳಿಸಿದ ಸಿ.ಡಿ.ಗಳು

ಆ ಕಾಲಕ್ಕೆ ನಮ್ಮ ವನಗೂರಿನಲ್ಲಿ ಸಿ.ಡಿ. ಬರೆಯುವ ಕಂಪ್ಯೂಟರ್ ಇದ್ದದ್ದು ನಮ್ಮ ಮನೆಯಲ್ಲಿ ಮಾತ್ರ. ಅದರ ವಿಷಯ ಬಲ್ಲವನೂ ನಾನೊಬ್ಬನೇ. ಈ ಎರಡನೆಯ ವಾಕ್ಯವನ್ನು ನನ್ನ ಹೆಂಡತಿ ಸರಳಾ ಒಪ್ಪುವುದಿಲ್ಲ.

ಸಂಗತಿ ಇಷ್ಟು. ನಮ್ಮತ್ತೆ ಸೋಬಾನೆ ಹಾಡದಿದ್ದರೆ ಸುತ್ತಮುತ್ತ ಅದನ್ನು ಮದುವೆ ಎನ್ನುತ್ತಲೇ ಇರಲಿಲ್ಲ. ಗಂಟಲಿನ ಆಪರೇಷನ್ ಆದ ಮೇಲೆ ಅವರು ಹಾಡುವುದನ್ನು ಬಿಟ್ಟರು. ಅಷ್ಟರಲ್ಲಿ ಅವರ ಮೊಮ್ಮಗಳ, ಅಂದರೆ ಸರಳಾಳ ಅಕ್ಕನ ಮಗಳ, ಮದುವೆ ಗೊತ್ತಾಯಿತು.

"ಅವ್ವನ ಹಾಡಿಲ್ದೆ ಈ ಮದ್ವೆ ಆಗ್ಬಾರ್ದು ಕಣ್ರೀ" ಎಂದಳು ಸರಳಾ.

ಅತ್ತೆಯ ಹಾಡುಗಳ ಹಳೇ ಕ್ಯಾಸೆಟ್ ಒಂದಿತ್ತು. ಅದನ್ನು ಕಂಪ್ಯೂಟರಿಗೆ ಏರಿಸಿದೆ. ಇನ್ನು ಸಿ.ಡಿ. ಮಾಡುವುದಷ್ಟೇ ಬಾಕಿ. ಧಾರೆಯ ಹೊತ್ತಿಗೆ ಮಂಟಪದಲ್ಲಿ ಹಾಕಲು ಒಂದು, ತಾಂಬೂಲದ ಚೀಲದಲ್ಲಿ ಮನೆಗೊಂದು.

"ಅದೇನು ಮಹಾ ಕೆಲಸ!" ಎಂದೆ.

ನಾಲ್ಕಾರು ಸಿ.ಡಿ. ಆಗುವಷ್ಟರಲ್ಲಿ ಅವನ್ನು ಬರೆಯುವ ಡ್ರೈವ್ ಬಿಸಿಯಾಯಿತು. ಪಕ್ಕದ ಮನೆಯ ಪುಟ್ಟೇಗೌಡ ಬಾಡಿಗೆ ಜೀಪ್ ಓಡಿಸುವವನು. ಮುಟ್ಟಿ ನೋಡಿ ಕೈ ಹಿಂದಕ್ಕೆಳೆದುಕೊಂಡ.

"ಏನ್ ಮಾರಾಯ, ಸ್ನಾನದ ಹಂಡೆ ಆದಂಗಾಗೈತೆ! ಹಿಂಗೇ ಓಡ್ಸಿದ್ರೆ ಒಳಗೆಲ್ಲ ಸವೆದೋಗ್ಬುಡ್ತದೆ."

"ಕಂಪ್ಯೂಟರ್ ಸವೆಯುತ್ತಾ?"

"ಜೀಪೇ ಸವೀತದೆ ಕಣೋ!"

ಪುಟ್ಟೇಗೌಡನ ಶಾಸ್ತ್ರ ಸರಳ: ಏರು ಹತ್ತುವಾಗ ನಡುನಡುವೆ ನಿಲ್ಲಿಸಿ ಎಂಜಿನ್ ಆರಿಸಬೇಕು. ಏರು ಮುಗಿಯಿತೋ, ಎಂಜಿನ್ ಆಫ್ ಮಾಡಿ ನ್ಯೂಟ್ರಲ್‌ನಲ್ಲಿ ಉರುಳಿಸಬೇಕು. ನಾನು ಎರಡನ್ನೂ ಅಳವಡಿಸಿದೆ. ಪ್ರತಿ ಸಿ.ಡಿ. ಆದ ಮೇಲೆ ಯಂತ್ರಕ್ಕೆ ವಿಶ್ರಾಂತಿ. ಕಂಪ್ಯೂಟರ್ ಡಬ್ಬಿಯ ಪಕ್ಕದ ತಗಡು ಬಿಚ್ಚಿ ಬೀಸಣಿಗೆಯಿಂದ ಗಾಳಿ.

"ನಂಗೆ ಜ್ವರ ಬಂದಾಗ ಒಂದಿನ ಬೀಸಿದ್ರಾ?" ಎಂದಳು ಸರಳಾ.

ಹಾಡುಗಳೆಲ್ಲ ಬರೆದಾದ ಮೇಲೂ ಯಂತ್ರವು 'ಸಿ.ಡಿ. ಮುಚ್ಚುತ್ತಿದ್ದೇನೆ' ಎಂದು ಇನ್ನಷ್ಟು ಹೊತ್ತು ಗುರುಗುಟ್ಟುತ್ತಿತ್ತು. ಏರು ಮುಗಿದ ಮೇಲೆ ಎಂಜಿನ್ ಯಾಕೆ? ಮುಚ್ಚುವುದೇ ಬೇಡವೆಂದು ಆಜ್ಞೆ ಕೊಟ್ಟೆ. ಅದೇ ಕಂಪ್ಯೂಟರಿನಲ್ಲಿ ಹಾಕಿ ಪರೀಕ್ಷಿಸಿದೆ. ಅತ್ತೆಯ ಹಳೆಯ ದನಿ ತುಂಬಿಕೊಂಡು ಬಂತು. ಸರಳಾ ಸೌಟು ಹಿಡಿದುಕೊಂಡೇ ಬಾಗಿಲಲ್ಲಿ ನಿಂತಳು. ಸಾರು ಉಕ್ಕಿತು. ಇಬ್ಬರೂ ಹೋಗಲಿಲ್ಲ.

ಮದುವೆ ಸಕಲೇಶಪುರದ ಒಂದು ಕಲ್ಯಾಣ ಮಂಟಪದಲ್ಲಿ. ಅತ್ತೆ ಮುಂದಿನ ಸಾಲಿನಲ್ಲಿ ಕೂತಿದ್ದರು. ಧಾರೆಗೆ ಹೆಣ್ಣು ಬಂತು. ಪ್ಲೇಯರಿಗೆ ಸಿ.ಡಿ. ಹಾಕಿದೆ. 'ಡಿಸ್ಕ್ ಇಲ್ಲ' ಎಂದಿತು!

ಇನ್ನೊಂದು ಹಾಕಿದೆ. ಇಲ್ಲ. ತಾಂಬೂಲದ ಚೀಲಗಳಿಗೇ ಕೈ ಹಾಕಿದೆ. ಇಲ್ಲ!

"ಧೂಳು ಕೂತೈತೆ, ಒರಸು" ಎಂದ ಪುಟ್ಟೇಗೌಡ. ಪಂಚೆಯ ತುದಿಯಲ್ಲಿ ಒರೆಸಿದೆ.

"ಅವ್ವ ಕಾಯ್ತಾ ಕೂತವ್ರೆ ಕಣ್ರೀ" ಎಂದಳು ಸರಳಾ. ಬೈದಿದ್ದರೆ ತಡೆದುಕೊಳ್ಳಬಹುದಿತ್ತು.

ಕಾದು ಸಾಕಾಗಿ ಯಾರೋ ಹೆಂಗಸು ಸೋಬಾನೆ ಎತ್ತಿದಳು. ರಾಗ ಎತ್ತಲೋ ಹೋಯಿತು.

"ಹಂಗಲ್ಲ ಕಣ್ರವ್ವ, ಕೆಡಿಸ್ಬ್ಯಾಡಿ" ಎಂದು ಅತ್ತೆ ಎದ್ದರು. ಹಾಡಿದರು. ದನಿ ಒಡೆದಿತ್ತು, ಉಸಿರು ಸಾಲುತ್ತಿರಲಿಲ್ಲ. ಅವರು ನಿಂತಲ್ಲಿ ಸರಳಾ ಎತ್ತಿಕೊಂಡಳು, ಅವಳು ಅತ್ತಲ್ಲಿ ಉಳಿದವರು. ಸಿ.ಡಿ.ಯಲ್ಲಿ ಇಲ್ಲದ ಸಾಲುಗಳೂ ಬಂದವು. ಹುಡುಗಿಯನ್ನು ಚುಡಾಯಿಸುವ ಒಂದು ಸಾಲಿಗೆ ಹುಡುಗಿಯೇ ನಕ್ಕುಬಿಟ್ಟಳು.

ಆಮೇಲೆ ಕಂಪ್ಯೂಟರ್ ಅಂಗಡಿಯಲ್ಲಿ ಕೇಳಿದೆ. ಮುಚ್ಚದ ಸಿ.ಡಿ. ಅದನ್ನು ಬರೆದ ಕಂಪ್ಯೂಟರ್ ಬಿಟ್ಟು ಬೇರೆ ಪ್ಲೇಯರಿನಲ್ಲಿ ಓಡುವುದಿಲ್ಲವಂತೆ. ಬರೆದು ಬರೆದು ಡ್ರೈವ್ ಎಂದೋ ಒಂದು ದಿನ ಸವೆಯಬಹುದು, ಉಳಿದದ್ದಕ್ಕೆ ಏನೂ ಆಗುವುದಿಲ್ಲವಂತೆ. "ಬೀಸಣಿಗೆ ಯಾಕ್ ಸಾರ್?" ಎಂದೂ ಕೇಳಿದರು.

ಈ ಪ್ರಸಂಗವನ್ನು ನಾನು ವರ್ಷಗಟ್ಟಲೆ ಹೇಳಿಕೊಂಡು ಬಂದೆ: ಅತ್ತೆ ಹಾಡುವಾಗ ನಾನು ಅವರ ಪಕ್ಕದಲ್ಲೇ ಕೈಮುಗಿದು ನಿಂತಿದ್ದೆ, ಕಣ್ಣು ತುಂಬಿತ್ತು, ಎಂದು. ನನಗೆ ಹಾಗೇ ನೆನಪು. ಮೊನ್ನೆ ಸರಳಾ ಮದುವೆಯ ವಿಡಿಯೋ ಹಾಕಿದಳು. ಅತ್ತೆ ಇದ್ದಾರೆ, ಸರಳಾ ಇದ್ದಾಳೆ, ಹಾಡು ಪೂರ್ತಿ ಇದೆ. ಅತ್ತೆಯ ಪಕ್ಕದಲ್ಲಿ ಕೈಮುಗಿದು, ಕಣ್ಣು ತುಂಬಿ ನಿಂತಿರುವವನು ಪುಟ್ಟೇಗೌಡ!

ಹಿಂದುಗಡೆ, ಪ್ಲೇಯರಿನ ಮೇಜಿನ ಕೆಳಗಿನಿಂದ, ಪ್ಲಗ್ ಹುಡುಕುತ್ತಿರುವ ಯಾರದೋ ಎರಡು ಅಂಗಾಲು ಕಾಣುತ್ತವೆ.

"ನೀವೇ" ಎಂದಳು ಸರಳಾ.